ಹನ್ನೆರಡು ವಾರ, ಒಂದೇ ಕಥೆ

ಮೇ 1984ರ ತಾರೀಖು ಹೊತ್ತ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ 252ನೇ ಸಂಚಿಕೆಯನ್ನು ಕೈಗೆತ್ತಿಕೊಂಡ ಅಮೆರಿಕದ ಓದುಗರಿಗೆ ಮುಖಪುಟದಲ್ಲೇ ಅಚ್ಚರಿ ಕಾದಿತ್ತು. 1962ರಿಂದಲೂ ಕೆಂಪು–ನೀಲಿ ಉಡುಪಿನ ಸ್ಪೈಡರ್‌ಮ್ಯಾನ್ ಈಗ ಮೈತುಂಬ ಕಪ್ಪು ತೊಟ್ಟಿದ್ದ, ಎದೆಯ ಮೇಲೆ ದೊಡ್ಡದೊಂದು ಬಿಳಿ ಜೇಡ. ಅದೇ ಹೊತ್ತಿಗೆ ‘ಫೆಂಟಾಸ್ಟಿಕ್ ಫೋರ್’ ಪತ್ರಿಕೆಯಲ್ಲಿ ಕಲ್ಲುಮೈಯ ಥಿಂಗ್ ಕಾಣೆಯಾಗಿ ಅವನ ಜಾಗಕ್ಕೆ ಶೀ-ಹಲ್ಕ್ ಬಂದಿದ್ದಳು. ಹಿಂದಿನ ತಿಂಗಳು ಇವರೆಲ್ಲ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಎದ್ದುನಿಂತ ವಿಚಿತ್ರ ಕಟ್ಟಡವೊಂದರೊಳಗೆ ಹೊಕ್ಕು ಮಾಯವಾಗಿದ್ದರು. ಈ ತಿಂಗಳು ವಾಪಸು ಬಂದಿದ್ದರು, ಆದರೆ ಹೋದವರಂತೆ ಬಂದಿರಲಿಲ್ಲ. ನಡುವೆ ಏನಾಯಿತು ಎಂಬುದನ್ನು ಹೇಳುವುದಕ್ಕೆಂದೇ ‘ಮಾರ್ವೆಲ್ ಸೂಪರ್‌ಹೀರೋಸ್ ಸೀಕ್ರೆಟ್ ವಾರ್ಸ್’ ಎಂಬ 12 ಸಂಚಿಕೆಗಳ ಬೇರೆಯೇ ಸರಣಿ ಹೊರಟಿತ್ತು. ಕಪ್ಪು ಉಡುಪು ಎಲ್ಲಿಂದ ಬಂತೆಂಬ ಗುಟ್ಟು ಅದರ 8ನೇ ಸಂಚಿಕೆಯಲ್ಲಿ, ಡಿಸೆಂಬರ್ ತಾರೀಖಿನ ಪ್ರತಿಯಲ್ಲಿ ಬಿಚ್ಚಿಕೊಂಡಿತು.

ಬೇರೆ ಬೇರೆ ಪತ್ರಿಕೆಗಳ ನಾಯಕರು ಒಂದೇ ಕಥೆಯಲ್ಲಿ ಸೇರುವುದನ್ನು ಕಾಮಿಕ್ಸ್ ಲೋಕ ಕ್ರಾಸ್‌ಓವರ್ ಎನ್ನುತ್ತದೆ. ನಮ್ಮಲ್ಲಿ ಬಹಳಷ್ಟು ಜನಕ್ಕೆ ಇದು ಸಿನಿಮಾದಿಂದ ಪರಿಚಯ. 2012ರ ‘ದಿ ಅವೆಂಜರ್ಸ್’ಗೆ ಒಂದು ಟಿಕೆಟ್ ಕೊಂಡರೆ ಐರನ್ ಮ್ಯಾನ್, ಥಾರ್, ಹಲ್ಕ್, ಕ್ಯಾಪ್ಟನ್ ಅಮೆರಿಕ ಎಲ್ಲರೂ ಒಂದೇ ಪರದೆಯ ಮೇಲೆ ಸಿಕ್ಕುತ್ತಿದ್ದರು, ಕಥೆ ಅಲ್ಲೇ ಮುಗಿಯುತ್ತಿತ್ತು. ಕಾಮಿಕ್ಸಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ನಾಯಕನಿಗೂ ಅವನದೇ ಮಾಸಪತ್ರಿಕೆ ಇರುತ್ತದೆ, ತಿಂಗಳಿಗೆ ಇಪ್ಪತ್ತು ಚಿಲ್ಲರೆ ಪುಟ, ಅದಕ್ಕೊಬ್ಬ ಕಥೆಗಾರ, ಒಬ್ಬ ಚಿತ್ರಕಾರ, ಒಂದು ಓದುಗ ಬಳಗ. ಎಲ್ಲರೂ ಸೇರುವ ಕಥೆ ಬಂದಾಗ ಅದನ್ನು ಎಲ್ಲಿ ಅಚ್ಚು ಹಾಕುವುದು? ಹೊಸ ಸರಣಿಯಲ್ಲೋ, ಇರುವ ಪತ್ರಿಕೆಗಳಲ್ಲಿ ಹಂಚಿಯೋ, ಒಂದೇ ದಪ್ಪ ಪುಸ್ತಕವಾಗಿಯೋ? ವಾರಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ? ಇದು ಮುದ್ರಣ ವಿಭಾಗದವರಿಗೆ ಮಾತ್ರ ಸೇರಿದ ವಿಷಯವೆಂದು ಕಂಡೀತು. ಆದರೆ ನಾನು ಓದಿದ ಕ್ರಾಸ್‌ಓವರ್‌ಗಳಲ್ಲಿ ಗೆದ್ದವೂ ಸೋತವೂ ಹೆಚ್ಚಿನಂಶ ಈ ತೀರ್ಮಾನದಿಂದಲೇ ಗೆದ್ದಿವೆ, ಸೋತಿವೆ. ಕಥೆಯ ಎಳೆ ಯಾರ ಕೈಯಲ್ಲಿದೆ ಎಂಬುದನ್ನು ನಿರ್ಧರಿಸುವುದು ಈ ಆಯ್ಕೆಯೇ.

ಮೊದಲಿಗೆ ಇದು ಸರಳವಾಗಿತ್ತು. 1963ರಲ್ಲಿ ಡಿಸಿ ಪ್ರಕಾಶನ ‘ಜಸ್ಟಿಸ್ ಲೀಗ್ ಆಫ್ ಅಮೆರಿಕ’ದ 21 ಮತ್ತು 22ನೇ ಸಂಚಿಕೆಗಳಲ್ಲಿ ತನ್ನ ಹೊಸ ನಾಯಕರನ್ನೂ 1940ರ ದಶಕದ ಹಳೆಯ ನಾಯಕರ ಜಸ್ಟಿಸ್ ಸೊಸೈಟಿಯನ್ನೂ ಮುಖಾಮುಖಿ ಮಾಡಿಸಿತು. ಬರೆದವರು ಗಾರ್ಡ್ನರ್ ಫಾಕ್ಸ್, ಸಂಪಾದಕರು ಜೂಲಿಯಸ್ ಶ್ವಾರ್ಟ್ಸ್. ಒಂದೇ ಪತ್ರಿಕೆ, ಎರಡೇ ಸಂಚಿಕೆ, ಕಥೆ ಮುಗಿಯಿತು. ಓದುಗರಿಗೆ ಹಿಡಿಸಿದ್ದರಿಂದ ಅದು ವರ್ಷಕ್ಕೊಮ್ಮೆ ನಡೆಯುವ ಕೂಟವಾಗಿ 1985ರವರೆಗೂ ಮುಂದುವರಿಯಿತು.

ಮತ್ತೆ ‘ಸೀಕ್ರೆಟ್ ವಾರ್ಸ್’ಗೆ ಬರೋಣ. ಅದು ಮ್ಯಾಟೆಲ್ ಕಂಪನಿಯ ಆಟಿಕೆಗಳ ಜೊತೆ ಮಾರುವುದಕ್ಕೆಂದು ಹುಟ್ಟಿದ ಸರಣಿ, ಹಾಗಾಗಿ ವಿಮರ್ಶಕರು ಅದನ್ನು ಹಗುರವಾಗಿ ಕಾಣುವುದುಂಟು. ಬರೆದವರು ಆಗ ಮಾರ್ವೆಲ್ ಪ್ರಕಾಶನದ ಪ್ರಧಾನ ಸಂಪಾದಕರಾಗಿದ್ದ ಜಿಮ್ ಶೂಟರ್. ಸಂಭಾಷಣೆ ಒರಟು, ಕಥೆಯಲ್ಲಿ ಹೊಡೆದಾಟವೇ ಹೆಚ್ಚು, ಒಪ್ಪುತ್ತೇನೆ. ಆದರೆ ಅದರ ಪ್ರಕಟಣೆಯ ಯೋಜನೆಯಷ್ಟು ಜಾಣತನದ್ದು ಆಮೇಲೆ ಹೆಚ್ಚು ಬರಲಿಲ್ಲ. ಬರಿಯ ಸ್ಪೈಡರ್‌ಮ್ಯಾನ್ ಓದುವವನಿಗೆ ಹೊಸ ಉಡುಪಿನ ಹೊಸ ಕಥೆ ತನ್ನ ಪತ್ರಿಕೆಯಲ್ಲೇ ಸಿಕ್ಕುತ್ತಿತ್ತು, ಅವನು ಬೇರೇನೂ ಕೊಳ್ಳಬೇಕಿರಲಿಲ್ಲ. ನಡುವಿನ ಕಥೆ ಬೇಕೆನ್ನುವವನು ಆ 12 ಸಂಚಿಕೆ ಕೊಂಡರೆ ಸಾಕು. ಪರಿಣಾಮ ಒಂದು ಕಡೆ, ಕಾರಣ ಇನ್ನೊಂದು ಕಡೆ, ಎರಡೂ ತಮ್ಮಷ್ಟಕ್ಕೆ ಪೂರ್ಣ. ಯಾವುದೂ ಇನ್ನೊಂದರ ಅಡವಾಗಿರಲಿಲ್ಲ.

ಅದರ ಮರುವರ್ಷವೇ ಮಾರ್ವೆಲ್ ಈ ಪಾಠ ಮರೆಯಿತು. ‘ಸೀಕ್ರೆಟ್ ವಾರ್ಸ್ 2’ ಒಂಬತ್ತು ಸಂಚಿಕೆಯದ್ದಾದರೂ ಅದರ ಕಥೆ ಮಾರ್ವೆಲ್‌ನ ಹಲವಾರು ಮಾಸಪತ್ರಿಕೆಗಳೊಳಗೆಲ್ಲ ನುಗ್ಗಿತು. ಅದೇ ಕಾಲಕ್ಕೆ ಡಿಸಿ ತಂದ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ 12 ಸಂಚಿಕೆಗಳಲ್ಲಿ ನಿಜಕ್ಕೂ ದೊಡ್ಡ ಕಥೆ ಹೇಳಿತು. ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೆಸ್ ಚಿತ್ರಿಸಿದ ಆ ಸರಣಿಯ 7ನೇ ಸಂಚಿಕೆಯಲ್ಲಿ ಸೂಪರ್‌ಗರ್ಲ್, 8ರಲ್ಲಿ ಫ್ಲ್ಯಾಶ್ ಸತ್ತದ್ದು ಇವತ್ತಿಗೂ ಓದುಗರ ಎದೆಯಲ್ಲಿದೆ. ಆದರೆ ಅದರ ಸುತ್ತಲಿನ ಕೆಲವು ಮಾಸಪತ್ರಿಕೆಗಳು ಮುಖಪುಟದ ಮೇಲೆ ‘ಕ್ರೈಸಿಸ್’ ಪಟ್ಟಿ ಹಾಕಿಕೊಂಡು, ಒಳಗೆ ಒಂದೆರಡು ಚೌಕಟ್ಟಿನಲ್ಲಿ ಆಕಾಶಕ್ಕೆ ಕೆಂಪು ಬಣ್ಣ ಬಳಿದು, ನಾಯಕ ಅದನ್ನೊಮ್ಮೆ ತಲೆಯೆತ್ತಿ ನೋಡುವಂತೆ ಮಾಡಿ ಮುಗಿಸಿಬಿಟ್ಟವು. ಕಾಸು ಕೊಟ್ಟು ಕೊಂಡವನಿಗೆ ಸಿಕ್ಕಿದ್ದು ಆ ಕೆಂಪು ಆಕಾಶ ಮಾತ್ರ.

ಪ್ರಕಾಶಕರು ಹೀಗೇಕೆ ಮಾಡುತ್ತಾರೆ? ಅಮೆರಿಕದ ಕಾಮಿಕ್ಸ್ ಅಂಗಡಿಗಳವರು ಮುಂದೆ ಬರುವ ಸಂಚಿಕೆಗಳಿಗೆ ಎರಡು–ಮೂರು ತಿಂಗಳು ಮೊದಲೇ ಆರ್ಡರ್ ಕೊಡಬೇಕು, ಉಳಿದ ಪ್ರತಿಗಳನ್ನು ಸಾಮಾನ್ಯವಾಗಿ ವಾಪಸು ಕೊಡುವಂತಿಲ್ಲ. ಓದದೆಯೇ ಕೊಳ್ಳಬೇಕಾದ ಅಂಗಡಿಯವನಿಗೆ ಮುಖಪುಟದ ಮೇಲಿನ ಕ್ರಾಸ್‌ಓವರ್ ಪಟ್ಟಿಯೇ ಭರವಸೆ. ಸೊರಗಿದ ಪತ್ರಿಕೆಗೂ ಆ ಪಟ್ಟಿ ಅಂಟಿಸಿದರೆ ಎರಡು ತಿಂಗಳು ಅದರ ಆರ್ಡರ್ ಏರುತ್ತದೆ. ಈ ಲೆಕ್ಕ ಗೊತ್ತಿದ್ದ ಮೇಲೆ ಕಥೆಯನ್ನು ಎಲ್ಲ ಕಡೆ ಹರಡುವ ಆಸೆ ಪ್ರಕಾಶಕನಿಗೆ ಹುಟ್ಟದೆ ಇರುವುದಿಲ್ಲ. ಆದರೆ ಹಾಗೆ ಏರಿದ ಮಾರಾಟ ಕಥೆ ಮುಗಿದ ಮೇಲೆ ಉಳಿಯುವುದಿಲ್ಲ, ಸುಸ್ತಾದ ಓದುಗ ಅದೇ ನೆಪದಲ್ಲಿ ಪತ್ರಿಕೆಯನ್ನೇ ಬಿಟ್ಟುಬಿಡುವುದೂ ಉಂಟು.

ಹರಡುವ ವಿಧಾನವನ್ನು ಅತ್ಯಂತ ಶಿಸ್ತಿನಿಂದ ಮಾಡಿ ತೋರಿಸಿದ್ದು 1992ರ ‘ಎಕ್ಸ್-ಕ್ಯೂಷನರ್ಸ್ ಸಾಂಗ್’. ‘ಅನ್‌ಕ್ಯಾನಿ ಎಕ್ಸ್-ಮೆನ್’, ‘ಎಕ್ಸ್-ಫ್ಯಾಕ್ಟರ್’, ‘ಎಕ್ಸ್-ಮೆನ್’, ‘ಎಕ್ಸ್-ಫೋರ್ಸ್’ ಎಂಬ ನಾಲ್ಕು ಮಾಸಪತ್ರಿಕೆಗಳು ಮೂರು ತಿಂಗಳು ಒಂದೇ ಕಥೆಯನ್ನು ಕೈಯಿಂದ ಕೈಗೆ ದಾಟಿಸಿದವು. ಒಟ್ಟು 12 ಭಾಗ. ಪ್ರತಿ ಭಾಗವೂ ಪ್ಲಾಸ್ಟಿಕ್ ಚೀಲದಲ್ಲಿ, ಜೊತೆಗೊಂದು ಬಣ್ಣದ ಕಾರ್ಡ್. ಇಲ್ಲಿ ವ್ಯರ್ಥ ಭಾಗವೆಂಬುದಿಲ್ಲ, ಹನ್ನೆರಡೂ ಕಥೆಯ ಅಂಗವೇ. ಆದರೆ ಒಟ್ಟಿಗೆ ಕೂತು ಓದಿದಾಗ ಒಂದು ತೊಡಕು ಕಣ್ಣಿಗೇ ಹೊಡೆಯುತ್ತದೆ. ಆ್ಯಂಡಿ ಕ್ಯೂಬರ್ಟ್ ಅವರ ತುಂಬುಮೈಯ, ಚುರುಕು ರೇಖೆಗಳಿಂದ ಜೇ ಲೀ ಅವರ ‘ಎಕ್ಸ್-ಫ್ಯಾಕ್ಟರ್’ ಪುಟಗಳಿಗೆ ಬಂದರೆ ಎಲ್ಲರೂ ಮಸಿಯಂಥ ನೆರಳಿನಲ್ಲಿ ಮುಳುಗಿ, ಕೈಕಾಲು ಚೂಪಾಗಿ, ಬೇರೆಯೇ ಲೋಕದವರಾಗಿಬಿಡುತ್ತಾರೆ. ಎರಡೂ ಸೊಗಸಾದ ಕೆಲಸ. ಜೇ ಲೀ ಆ ನೆರಳನ್ನು ತಮ್ಮದೇ ಪುಸ್ತಕದಲ್ಲಿ ಬಿಡಿಸಿದ್ದರೆ ನಾನು ಮನಸಾರೆ ಮೆಚ್ಚುತ್ತಿದ್ದೆ. ಆದರೆ ಇದು ವಾರದ ಹಿಂದೆ ಇನ್ನೊಬ್ಬರ ಕೈಯಲ್ಲಿ ನಿಂತ ಅದೇ ಜಗಳ, ಅದೇ ಕೋಣೆ, ಅದೇ ಮುಖ. ಓದುಗ ಪ್ರತಿ ಇಪ್ಪತ್ತು ಪುಟಕ್ಕೊಮ್ಮೆ ಪಾತ್ರಗಳನ್ನು ಹೊಸದಾಗಿ ಗುರುತು ಹಿಡಿಯಬೇಕು.

ಕಥೆಗಾರರಿಗೆ ಆಗುವ ನಷ್ಟ ಇನ್ನೂ ದೊಡ್ಡದು. ‘ಎಕ್ಸ್-ಫ್ಯಾಕ್ಟರ್’ ಬರೆಯುತ್ತಿದ್ದ ಪೀಟರ್ ಡೇವಿಡ್ ಆ ಪತ್ರಿಕೆಗೆ ನಗು, ಹರಟೆ, ಪಾತ್ರಗಳ ಸಣ್ಣ ಸಣ್ಣ ನೋವುಗಳ ಒಂದು ತನ್ನತನ ತಂದುಕೊಟ್ಟಿದ್ದರು. ಪದೇ ಪದೇ ಬರುವ ದೊಡ್ಡ ಕಥೆಗಳಿಗೆ ತಮ್ಮ ಕಥೆಯನ್ನು ನಿಲ್ಲಿಸಿ ಜಾಗ ಬಿಡಬೇಕಾದಾಗ ಅವರು ಬೇಸತ್ತು, 1993ರಲ್ಲಿ ಪತ್ರಿಕೆಯನ್ನೇ ಬಿಟ್ಟರು. ಮಾಸಪತ್ರಿಕೆಯೊಂದರ ಜೀವಾಳ ಅದನ್ನು ತಿಂಗಳು ತಿಂಗಳು ಬರೆಯುವವನ ದನಿ. ಆ ದನಿಗಾಗಿ ಚಂದಾ ಕಟ್ಟಿದ ಓದುಗನಿಗೆ ಮೂರು ತಿಂಗಳು ಇನ್ನೊಬ್ಬರ ಕಥೆಯ ಮೂರು ತುಂಡು ಕೊಡುವುದು ನ್ಯಾಯವಲ್ಲ ಎಂದೇ ನನ್ನ ಅನಿಸಿಕೆ.

ಹಾಗಾದರೆ ಬೇರೆಯೇ ಸರಣಿಯಾಗಿ ತಂದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ, ಅಲ್ಲಿ ತಡವಾಗುವ ಕಾಟ ಶುರುವಾಗುತ್ತದೆ. ಮಾಸಿಕ ಕಾಮಿಕ್ಸಿನ ಲೆಕ್ಕ ಬಹಳ ಬಿಗಿ. ಒಬ್ಬ ಚಿತ್ರಕಾರ ದಿನಕ್ಕೊಂದು ಪುಟ ಮುಗಿಸಿದರೆ ತಿಂಗಳಿಗೆ ಒಂದು ಸಂಚಿಕೆ. ಕ್ರಾಸ್‌ಓವರ್ ಕಥೆಯಲ್ಲಿ ಒಂದು ಪುಟಕ್ಕೆ ಮೂವತ್ತು ನಾಯಕರು ನಿಲ್ಲುತ್ತಾರೆ, ಮೂವತ್ತು ಬಗೆಯ ಉಡುಪು, ಲಾಂಛನ, ಕೇಪು. ಅಂಥ ಪುಟ ದಿನಕ್ಕೊಂದು ಮುಗಿಯುವುದು ಕಷ್ಟ. ಆದ್ದರಿಂದ ಪ್ರಕಾಶಕರ ಬೇರೆಲ್ಲ ಪತ್ರಿಕೆಗಳು ಯಾವುದಕ್ಕಾಗಿ ಕಾದು ಕೂತಿರುತ್ತವೋ ಅದೇ ಸರಣಿ ಎಲ್ಲಕ್ಕಿಂತ ತಡವಾಗಿ ಬರುತ್ತದೆ.

2006ರ ‘ಸಿವಿಲ್ ವಾರ್’ನಲ್ಲಿ ಹೀಗೇ ಆಯಿತು. ಮಾರ್ಕ್ ಮಿಲ್ಲರ್ ಬರೆದ ಏಳು ಸಂಚಿಕೆಗಳ ಆ ಸರಣಿ ನಡುವೆಯೇ ಹಿಂದೆ ಬಿತ್ತು. ಚಿತ್ರಕಾರ ಸ್ಟೀವ್ ಮ್ಯಾಕ್‌ನಿವೆನ್ ಅವರನ್ನು ಬದಲಿಸದೆ ಕಾಯುವುದೆಂದು ಮಾರ್ವೆಲ್ ತೀರ್ಮಾನಿಸಿತು. ಅದು ಸರಿಯಾದ ತೀರ್ಮಾನ, ಪುಸ್ತಕ ಈಗಲೂ ಒಂದೇ ಕೈಯ ಕೆಲಸವಾಗಿ ನಿಂತಿದೆ. ಆದರೆ ಮುಖ್ಯ ಕಥೆ ಮುಂದಕ್ಕೆ ಹೋದಾಗ ಅದರ ಗುಟ್ಟು ಹೊರಬೀಳದಂತೆ ಸುತ್ತಲಿನ ಪತ್ರಿಕೆಗಳನ್ನೂ ತಡೆಹಿಡಿಯಬೇಕಾಯಿತು. ಒಂದು ಮೇಜಿನ ಮೇಲಿನ ತಡ ಹತ್ತಾರು ಪತ್ರಿಕೆಗಳ ತಡವಾಯಿತು. ಅಂಗಡಿಯವರು ಆ ವಾರಗಳಲ್ಲಿ ಬರಬೇಕಿದ್ದ ಹಣವಿಲ್ಲದೆ ಬಾಡಿಗೆ ಕಟ್ಟಿದರು.

2015ರ ಹೊಸ ‘ಸೀಕ್ರೆಟ್ ವಾರ್ಸ್’ ಕಥೆಯಂತೂ ನನಗೆ ಈಗಲೂ ಸಂಕಟ ತರುತ್ತದೆ. ಜಾನಥನ್ ಹಿಕ್‌ಮನ್ ಬರೆದು ಎಸಾದ್ ರಿಬಿಚ್ ಚಿತ್ರಿಸಿದ ಅದು ಮಾರ್ವೆಲ್‌ನ ಇಡೀ ಲೋಕವೇ ಅಳಿದು, ಉಳಿದ ಚೂರುಗಳನ್ನು ಜೋಡಿಸಿಕೊಂಡು ಡಾಕ್ಟರ್ ಡೂಮ್ ದೇವರಾಗಿ ಆಳುವ ಕಥೆ. ಲೋಕ ಮತ್ತೆ ಹುಟ್ಟುವುದೋ ಇಲ್ಲವೋ ಎಂಬುದೇ ಅದರ ಮುಖ್ಯ ಪ್ರಶ್ನೆ. ಎಂಟು ಸಂಚಿಕೆಗೆಂದು ಶುರುವಾದದ್ದು ಒಂಬತ್ತಾಯಿತು, ಮುಗಿದದ್ದು ಜನವರಿ 2016ರಲ್ಲಿ. ಅಷ್ಟರಲ್ಲಿ, ಅಕ್ಟೋಬರ್ 2015ರಿಂದಲೇ, ಮಾರ್ವೆಲ್ ತನ್ನ ಹೊಸ ಮಾಸಪತ್ರಿಕೆಗಳನ್ನು ಹೊರತರಲು ಶುರುಮಾಡಿತ್ತು. ಅವುಗಳಲ್ಲಿ ಲೋಕ ಆಗಲೇ ಸರಿಹೋಗಿದೆ, ಐರನ್ ಮ್ಯಾನ್ ಹೊಸ ಕವಚ ತೊಟ್ಟು ಓಡಾಡುತ್ತಿದ್ದಾನೆ. ಕಥೆಯ ಕೊನೆಯನ್ನು ಪ್ರಕಾಶಕರೇ ಮೂರು ತಿಂಗಳು ಮುಂಚೆ ಬಿಟ್ಟುಕೊಟ್ಟರು. ಇದು ಹಿಕ್‌ಮನ್ ವರ್ಷಗಟ್ಟಲೆ ‘ಫೆಂಟಾಸ್ಟಿಕ್ ಫೋರ್’ ಮತ್ತು ‘ಅವೆಂಜರ್ಸ್’ ಪತ್ರಿಕೆಗಳಲ್ಲಿ ಕಟ್ಟುತ್ತ ಬಂದ ಕಥೆಯ ಶಿಖರ. ಪುಸ್ತಕವಾಗಿ ಇವತ್ತು ಓದಿದರೆ ಫೆಂಟಾಸ್ಟಿಕ್ ಫೋರ್ ತಂಡದ ನಾಯಕ ರೀಡ್ ರಿಚರ್ಡ್ಸ್ ಮತ್ತು ಡೂಮ್ ಎದುರಾಗುವ ಕೊನೆಯ ಸಂಚಿಕೆ ಅಮೋಘವಾಗಿದೆ. ತಿಂಗಳು ತಿಂಗಳು ಓದಿದವರಿಗೆ ಆ ಅನುಭವ ಸಿಗಲಿಲ್ಲ.

ಅದೇ ಹೊತ್ತಿನಲ್ಲಿ ಬಂದ ಒಂದು ಅಪವಾದವನ್ನು ಹೇಳಲೇಬೇಕು. ಜೆರ್ಸಿ ಸಿಟಿಯ ಪಾಕಿಸ್ತಾನಿ ಮನೆತನದ ಹುಡುಗಿ ಕಮಲಾ ಖಾನ್ ನಾಯಕಿಯಾಗಿರುವ ‘ಮಿಸ್ ಮಾರ್ವೆಲ್’ ಪತ್ರಿಕೆ ‘ಲಾಸ್ಟ್ ಡೇಸ್’ ಪಟ್ಟಿಯಡಿ ಲೋಕದ ಕೊನೆಯ ಗಳಿಗೆಗಳನ್ನು ತೋರಿಸಿತು. ಬರೆದವರು ಜಿ. ವಿಲ್ಲೋ ವಿಲ್ಸನ್, ಚಿತ್ರ ಏಡ್ರಿಯನ್ ಅಲ್ಫೋನಾ ಅವರದು. ಇನ್ನು ಉಳಿಗಾಲವಿಲ್ಲವೆಂದು ಗೊತ್ತಾದಾಗ ಕಮಲಾ ತಾನೇ ಆ ಮುಖವಾಡದ ಹುಡುಗಿ ಎಂದು ಅಮ್ಮನಿಗೆ ಹೇಳುತ್ತಾಳೆ, ಅಮ್ಮನಿಗೆ ಅದು ಮೊದಲೇ ಗೊತ್ತಿರುತ್ತದೆ. ಮುಖ್ಯ ಸರಣಿಯ ಒಂದು ಪುಟವನ್ನೂ ಓದದವರಿಗೂ ಆ ದೃಶ್ಯ ಪೂರ್ತಿ ಅರ್ಥವಾಗುತ್ತದೆ. ಸುತ್ತಲಿನ ಪತ್ರಿಕೆಗಳು ದೊಡ್ಡ ಕಥೆಯೊಡನೆ ಸಂಬಂಧ ಇಟ್ಟುಕೊಳ್ಳಲೇಬೇಕೆಂದರೆ ಹೀಗಿಟ್ಟುಕೊಳ್ಳಲಿ. ಆಕಾಶ ಬೀಳುತ್ತಿದೆ ಎಂಬುದಷ್ಟೇ ಅಲ್ಲಿಂದ ಬರಲಿ, ಮಿಕ್ಕಿದ್ದು ಆ ಮನೆಯದೇ ಆಗಿರಲಿ.

ಈಗ ನನ್ನ ಆಯ್ಕೆ. ಕ್ರಾಸ್‌ಓವರ್‌ಗೆ ಒಪ್ಪುವ ರೂಪ ವಾರಕ್ಕೊಂದು ಸಂಚಿಕೆಯಂತೆ ಬಂದು ಮೂರು ತಿಂಗಳೊಳಗೆ ಮುಗಿಯುವ ಸರಣಿ. ಅದು ನಡೆಯುವಷ್ಟು ದಿನ ಸಂಬಂಧಪಟ್ಟ ಮಾಸಪತ್ರಿಕೆಗಳು ನಿಂತಿರಬೇಕು. ಮೊದಲ ಸಂಚಿಕೆ ಅಂಗಡಿಗೆ ಬರುವ ಮುಂಚೆ ಚಿತ್ರಗಳ ಬಹುಪಾಲು ಮುಗಿದಿರಬೇಕು.

ವಾರದ ಲಯ ಯಾಕೆ ಮುಖ್ಯ ಎಂಬುದನ್ನು ‘ಸುಧಾ’, ‘ತರಂಗ’ಗಳಲ್ಲಿ ಧಾರಾವಾಹಿ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಏಳು ದಿನದಲ್ಲಿ ಪಾತ್ರಗಳು ಮನಸ್ಸಿನಿಂದ ಜಾರುವುದಿಲ್ಲ, ಹೋದ ಕಂತಿನ ಕೊನೆಯ ಸಾಲು ನೆನಪಿರುತ್ತದೆ, ಮುಂದೇನೆಂಬ ಚರ್ಚೆ ಬಿಸಿಯಾಗಿರುತ್ತದೆ. ತಿಂಗಳ ಅಂತರದಲ್ಲಿ, ಮೂವತ್ತು ಪಾತ್ರಗಳ ಕಥೆಯಲ್ಲಿ, ಯಾರು ಎಲ್ಲಿ ನಿಂತಿದ್ದರೆಂದು ನೆನಪಿಡುವುದೇ ಓದುಗನ ಕೆಲಸವಾಗುತ್ತದೆ.

ವಾರದ ಸರಣಿ ಅಸಾಧ್ಯವೇನಲ್ಲವೆಂದು ಡಿಸಿ 2006ರಲ್ಲೇ ತೋರಿಸಿತು. ಜೆಫ್ ಜಾನ್ಸ್, ಗ್ರಾಂಟ್ ಮಾರಿಸನ್, ಗ್ರೆಗ್ ರಕ್ಕ, ಮಾರ್ಕ್ ವೇಡ್ ನಾಲ್ವರೂ ಕೂಡಿ ಬರೆದ ‘52’ ಒಂದು ವಾರವೂ ತಪ್ಪದೆ 52 ವಾರ ಬಂತು. ಚಿತ್ರಕಾರರು ಹಲವರಿದ್ದರೂ ಪ್ರತಿ ಪುಟದ ಕರಡು ವಿನ್ಯಾಸವನ್ನು ಕೀತ್ ಗಿಫೆನ್ ಒಬ್ಬರೇ ಹಾಕಿಕೊಡುತ್ತಿದ್ದರು. ಯಾರು ಬಣ್ಣ ತುಂಬಿದರೂ, ಯಾರು ಮಸಿ ಎಳೆದರೂ ಕಣ್ಣು ಓಡುವ ದಾರಿ ಒಂದೇ. ‘ಎಕ್ಸ್-ಕ್ಯೂಷನರ್ಸ್ ಸಾಂಗ್’ನಲ್ಲಿ ಕಂಡ ತೊಡಕಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಪತ್ರಿಕೆಗಳನ್ನು ನಿಲ್ಲಿಸುವ ಧೈರ್ಯವೂ ಹೊಸದಲ್ಲ. 1995ರಲ್ಲಿ ‘ಏಜ್ ಆಫ್ ಅಪೋಕ್ಯಾಲಿಪ್ಸ್’ಗಾಗಿ ಮಾರ್ವೆಲ್ ಚೆನ್ನಾಗಿ ಮಾರುತ್ತಿದ್ದ ತನ್ನ ಎಕ್ಸ್-ಮೆನ್ ಪತ್ರಿಕೆಗಳನ್ನೆಲ್ಲ ನಾಲ್ಕು ತಿಂಗಳು ಮುಚ್ಚಿತು. ‘ವುಲ್ವರಿನ್’ ಇದ್ದಲ್ಲಿ ‘ವೆಪನ್ ಎಕ್ಸ್’, ‘ಜನರೇಷನ್ ಎಕ್ಸ್’ ಇದ್ದಲ್ಲಿ ‘ಜನರೇಷನ್ ನೆಕ್ಸ್ಟ್’, ‘ಕೇಬಲ್’ ಇದ್ದಲ್ಲಿ ‘ಎಕ್ಸ್-ಮ್ಯಾನ್’ ಬಂದವು. ಎಕ್ಸ್-ಮೆನ್ ತಂಡ ಕಟ್ಟಿದ ಪ್ರೊಫೆಸರ್ ಎಕ್ಸ್ ಹರೆಯದಲ್ಲೇ ಸತ್ತಿದ್ದರೆ ಲೋಕ ಏನಾಗುತ್ತಿತ್ತು ಎಂಬ ಕಥೆಗೆ ಹೊಸ ಹೆಸರಿನ ಪತ್ರಿಕೆಗಳೇ ಸಾಕ್ಷಿಯಾದವು. ಆರಂಭಕ್ಕೊಂದು ‘ಆಲ್ಫಾ’, ಅಂತ್ಯಕ್ಕೊಂದು ‘ಒಮೇಗಾ’. ಒಬ್ಬ ಓದುಗ ಆ ಎರಡರ ನಡುವೆ ತನಗೆ ಬೇಕಾದ ಒಂದೇ ಪತ್ರಿಕೆ ಓದಿದರೂ ಒಂದು ಸಂಪೂರ್ಣ ಕಥೆ ಸಿಕ್ಕುತ್ತಿತ್ತು.

ಈ ಎರಡೂ ಗುಣ ಕೂಡಿ ಬಂದದ್ದು 2019ರಲ್ಲಿ. ‘ಸೀಕ್ರೆಟ್ ವಾರ್ಸ್’ನ ಅದೇ ಹಿಕ್‌ಮನ್ ಎಕ್ಸ್-ಮೆನ್ ಕಥೆ ಕೈಗೆತ್ತಿಕೊಂಡಾಗ ಹಳೆಯ ಎಕ್ಸ್ ಪತ್ರಿಕೆಗಳೆಲ್ಲ ಮುಗಿದಿದ್ದವು. ‘ಹೌಸ್ ಆಫ್ ಎಕ್ಸ್’ ಆರು, ‘ಪವರ್ಸ್ ಆಫ್ ಎಕ್ಸ್’ ಆರು, ಎರಡೂ ಸೇರಿ ಜುಲೈನಿಂದ ಅಕ್ಟೋಬರ್‌ವರೆಗೆ 12 ವಾರ. ಮೊದಲನೆಯದನ್ನು ಪೆಪೆ ಲಾರಾಸ್, ಎರಡನೆಯದನ್ನು ಆರ್. ಬಿ. ಸಿಲ್ವಾ ಚಿತ್ರಿಸಿದ್ದರಿಂದ ಇಬ್ಬರಿಗೂ ಉಸಿರಾಡಲು ಬಿಡುವಿತ್ತು, ಶೈಲಿಗಳೂ ಒಂದಕ್ಕೊಂದು ಹೊಂದುತ್ತಿದ್ದವು. ಹಿಂಬದಿಯ ಪುಟದಲ್ಲಿ ಹನ್ನೆರಡರ ಓದಿನ ಕ್ರಮ ಅಚ್ಚಾಗಿರುತ್ತಿತ್ತು. ಮೊಯ್ರಾ ಮ್ಯಾಕ್‌ಟ್ಯಾಗರ್ಟ್ ಎಂಬ ಹಳೆಯ ಪಾತ್ರ ಸತ್ತಾಗಲೆಲ್ಲ ಮತ್ತೆ ಹುಟ್ಟಿ ಮೊದಲಿಂದ ಬದುಕುತ್ತಾಳೆಂದು ತಿಳಿದ ವಾರ ಓದುಗರು ನಲವತ್ತು ವರ್ಷದ ಹಳೆಯ ಸಂಚಿಕೆಗಳನ್ನೆಲ್ಲ ಹೊರತೆಗೆದು ನೋಡುವಂತಾಯಿತು. ತಿಂಗಳಿಗೊಂದರಂತೆ ಬಂದಿದ್ದರೆ ಆ ಕಥೆ ಒಂದು ವರ್ಷ ಹಿಡಿಯುತ್ತಿತ್ತು, ಆ ಬಿಸಿ ಅಷ್ಟು ದಿನ ಉಳಿಯುತ್ತಿರಲಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ: ವಾರಕ್ಕೊಂದು ಕೊಳ್ಳುವುದೆಂದರೆ ಮೂರು ತಿಂಗಳಲ್ಲಿ ಅರವತ್ತು ಡಾಲರಿನ ಆಸುಪಾಸು. ಶಾಲೆಗೆ ಹೋಗುವ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಆ ಮೊತ್ತಕ್ಕೊಂದು ಮಿತಿಯಿದೆ, ಅದು ಮೊದಲ ದಿನವೇ ಗೊತ್ತಿರುತ್ತದೆ, ಕೊಟ್ಟ ಕಾಸಿಗೆ ಇಡೀ ಕಥೆ ಕೈಗೆ ಬರುತ್ತದೆ. ಹರಡಿದ ಕಥೆಯಲ್ಲಿ ಎಷ್ಟು ಕೊಂಡರೆ ಮುಗಿಯುತ್ತದೆಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ.

ಎರಡು ಬೇರೆ ಪ್ರಕಾಶನಗಳ ನಾಯಕರು ಸೇರುವಾಗ ಮಾತ್ರ ನನ್ನ ಉತ್ತರ ಬೇರೆ. ಅಲ್ಲಿ ಒಂದೇ ಪುಸ್ತಕವಾಗಬೇಕು, ಆಕಾರವೂ ದೊಡ್ಡದಿರಬೇಕು. 1976ರ ‘ಸೂಪರ್‌ಮ್ಯಾನ್ ವರ್ಸಸ್ ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಟ್ಯಾಬ್ಲಾಯ್ಡ್ ಪತ್ರಿಕೆಯಂಥ ಅಗಲದ ಪುಟಗಳಲ್ಲಿ ಬಂತು. ಸಾಮಾನ್ಯ ಸಂಚಿಕೆಗೆ 25 ಸೆಂಟ್ ಇದ್ದ ಕಾಲದಲ್ಲಿ ಅದಕ್ಕೆ 2 ಡಾಲರ್. ಎರಡೂ ಪ್ರಕಾಶನಗಳಲ್ಲಿ ದುಡಿದಿದ್ದ ಜೆರಿ ಕಾನ್ವೆ ಮೊದಲು ಸೂಪರ್‌ಮ್ಯಾನ್ ಮತ್ತು ಲೂಥರ್, ಆಮೇಲೆ ಸ್ಪೈಡರ್‌ಮ್ಯಾನ್ ಮತ್ತು ಡಾಕ್ಟರ್ ಆಕ್ಟೋಪಸ್, ಆಮೇಲೆ ಜೈಲಿನಲ್ಲಿ ಆ ಇಬ್ಬರು ಖಳರ ಭೇಟಿ ಎಂದು ಹೆಜ್ಜೆಹೆಜ್ಜೆಯಾಗಿ ಪರಿಚಯ ಮಾಡಿಕೊಟ್ಟು ನಾಯಕರನ್ನು ಎದುರುಬದುರು ನಿಲ್ಲಿಸಿದರು. ಒಬ್ಬನನ್ನು ಮಾತ್ರ ಬಲ್ಲ ಮಗುವೂ ಆ ಪುಸ್ತಕ ಓದಬಹುದು. ರಾಸ್ ಆಂಡ್ರು ಬಿಡಿಸಿದ ನಗರದ ಆಳ, ಎತ್ತರ ಆ ಅಗಲದ ಪುಟಕ್ಕೇ ಹುಟ್ಟಿದ್ದು.

ಇಂಥ ಪುಸ್ತಕಗಳಿಗೆ ಒಂದು ಶಾಪವೂ ಇದೆ: ಹಕ್ಕು ಇಬ್ಬರದಾದ್ದರಿಂದ ಮರುಮುದ್ರಣ ಸುಲಭವಲ್ಲ. 1980ರ ದಶಕದಲ್ಲಿ ನಿಂತುಹೋಗಿ, ಕೊನೆಗೆ 2003ರಲ್ಲಿ ಕರ್ಟ್ ಬ್ಯೂಸಿಕ್ ಮತ್ತು ಪೆರೆಸ್ ಅವರ ಕೈಯಲ್ಲಿ ನಾಲ್ಕು ದಪ್ಪ ಸಂಚಿಕೆಯಾಗಿ ಬಂದ ‘ಜೆಎಲ್‌ಎ/ಅವೆಂಜರ್ಸ್’ ಬಹಳ ಕಾಲ ಅಂಗಡಿಯಲ್ಲಿ ಸಿಗದಂತಾಗಿತ್ತು. ಪೆರೆಸ್ ಕಾಯಿಲೆ ಬಿದ್ದಾಗ, 2022ರಲ್ಲಿ, ಕಲಾವಿದರ ನೆರವಿಗಿರುವ ಹೀರೋ ಇನಿಶಿಯೇಟಿವ್ ಸಂಸ್ಥೆಗಾಗಿ 7,000 ಪ್ರತಿ ಮಾತ್ರ ಅಚ್ಚಾದವು. ಬೆಂಗಳೂರು, ಮೈಸೂರಿನಲ್ಲಿ ಕೂತು ಸಂಗ್ರಹ ಸಂಪುಟಗಳನ್ನೇ ನೆಚ್ಚಿಕೊಂಡ ನಮ್ಮಂಥ ಓದುಗರಿಗೆ ಪುಸ್ತಕ ಅಚ್ಚಿನಲ್ಲಿ ಉಳಿಯುವುದು ವಾರದ ಲಯಕ್ಕಿಂತ ದೊಡ್ಡ ವಿಷಯ. ಸಂಪುಟ ಮಾಡುವವರು ಕಥೆಯ ಅಂಗವಾದ ಅಧ್ಯಾಯಗಳನ್ನು ಓದಿನ ಕ್ರಮದಲ್ಲೇ ಜೋಡಿಸಬೇಕು, ಮುಖ್ಯ ಸರಣಿ ಒಂದು ಪುಸ್ತಕ, ಉಳಿದದ್ದು ಇನ್ನೊಂದು ಪುಸ್ತಕ ಎಂದು ಸೀಳಬಾರದು.

ಎರಡು ದಶಕದ ಮುನಿಸಿನ ಬಳಿಕ ಮಾರ್ವೆಲ್ ಮತ್ತು ಡಿಸಿ 2025ರಲ್ಲಿ ಮತ್ತೆ ಕೈಜೋಡಿಸಿದಾಗ ಆರಿಸಿಕೊಂಡ ರೂಪ ನೋಡಿ ನನಗೆ ಸಂತೋಷವಾಯಿತು. ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನಿಂದ ‘ಡೆಡ್‌ಪೂಲ್/ಬ್ಯಾಟ್‌ಮ್ಯಾನ್’, ನವೆಂಬರ್‌ನಲ್ಲಿ ಡಿಸಿಯಿಂದ ‘ಬ್ಯಾಟ್‌ಮ್ಯಾನ್/ಡೆಡ್‌ಪೂಲ್’. ತಲಾ ಒಂದೇ ಸಂಚಿಕೆ, ಒಳಗೆ ಮುಗಿಯುವ ಮುಖ್ಯ ಕಥೆ, ಜೊತೆಗೆ ಬೇರೆ ನಾಯಕರ ಕಿರುಗಥೆಗಳು, ಯಾವ ಮಾಸಪತ್ರಿಕೆಯನ್ನೂ ಮುಟ್ಟಿಲ್ಲ. ಮೊದಲನೆಯದನ್ನು ಬರೆದವರು ಜೆಬ್ ವೆಲ್ಸ್. ಚಿತ್ರಿಸಿದವರು ಗ್ರೆಗ್ ಕಪುಲ್ಲೊ, 1992ರಲ್ಲಿ ‘ಎಕ್ಸ್-ಫೋರ್ಸ್’ನ ಮೂರು ಸಂಚಿಕೆಗಳಲ್ಲಿ ನಾಲ್ವರ ನಡುವೆ ಒಬ್ಬರಾಗಿ ಆ ಹನ್ನೆರಡು ಭಾಗದ ಕಥೆಗೆ ತಮ್ಮ ಪಾಲಿನ ತುಂಡು ಬಿಡಿಸಿಕೊಟ್ಟ ಅದೇ ಕಪುಲ್ಲೊ. ಈ ಸಲ ಮುಖ್ಯ ಕಥೆಗೆ ಅವರದೊಂದೇ ಶೈಲಿ.